ನಿಮ್ಮ ನಂತರ ಆ ಮನೆ ಯಾರ ಕೈಯಲ್ಲಿ? ರದ್ದುಪಡಿಸಲಾಗದ ಟ್ರಸ್ಟ್ ಮಾಡುವವರಿಗೆ ಮಾರ್ಗದರ್ಶಿ

ವಿಶೇಷಚೇತನ ಮಕ್ಕಳ ತಂದೆತಾಯಿಯರು ಕೇಳುವ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬಂದರೂ ಒಳಗೆ ಒಂದೇ. "ನಮಗೊಂದು ಬಾಡಿಗೆ ಮನೆ ಇದೆ. ನಾವಿಬ್ಬರೂ ಹೋದ ಮೇಲೆ ಅದರ ಬಾಡಿಗೆ ಮಗನ ಊಟಕ್ಕೆ, ಔಷಧಿಗೆ ಹೋಗಬೇಕು. ಅವನ ಹೆಸರಿಗೇ ಬರೆದರೆ ಯಾರೋ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತಾರೆ. ದೊಡ್ಡ ಮಗನ ಹೆಸರಿಗೆ ಬರೆಯೋಣವೆಂದರೆ, ಅವನು ಒಳ್ಳೆಯವನೇ, ಆದರೆ ನಾಳೆ ಅವನಿಗೇ ಸಾಲ ಬಂದರೆ? ರದ್ದು ಮಾಡಲಾಗದ ಟ್ರಸ್ಟ್ ಮಾಡಿ ಅಂತಾರಲ್ಲ, ಅದು ಹೇಗೆ?"

ಈ ಬರಹ ಅದಕ್ಕೇ. ಕರ್ನಾಟಕದಲ್ಲಿ ಆಸ್ತಿ ಇದ್ದು, 1882ರ ಭಾರತೀಯ ನ್ಯಾಸ (ಟ್ರಸ್ಟ್) ಅಧಿನಿಯಮದ ಅಡಿ ಖಾಸಗಿ ಟ್ರಸ್ಟ್ ಮಾಡಲು ಹೊರಟವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ದೇವಸ್ಥಾನ, ಶಾಲೆ, ಛತ್ರಗಳ ಸಾರ್ವಜನಿಕ ಟ್ರಸ್ಟಿನ ದಾರಿ ಬೇರೆ. ವಕ್ಫ್‌ಗೂ ಈ ಕಾನೂನು ಅನ್ವಯಿಸದು.

ಮೊದಲು ನಾಲ್ಕು ಪದ

ಆಸ್ತಿ ಕೊಡುವವರು ನ್ಯಾಸಕರ್ತರು, ಅಂದರೆ ನೀವು. ಅದನ್ನು ತಮ್ಮ ಹೆಸರಿನಲ್ಲಿಟ್ಟುಕೊಂಡು ನೋಡಿಕೊಳ್ಳುವವರು ಟ್ರಸ್ಟಿಗಳು. ಅದರ ಪ್ರಯೋಜನ ಯಾರಿಗೆ ಸಲ್ಲಬೇಕೋ ಅವರು ಫಲಾನುಭವಿ. ಇಷ್ಟನ್ನೂ ಕಟ್ಟಿಹಾಕುವ ಬರಹ ಟ್ರಸ್ಟ್ ಡೀಡ್. ಟ್ರಸ್ಟ್ ಎನ್ನುವುದು ಕಂಪನಿಯ ಹಾಗೆ ತನ್ನಷ್ಟಕ್ಕೆ ತಾನೇ ನಿಂತ ವ್ಯಕ್ತಿಯಲ್ಲ. ಆದ್ದರಿಂದ ಮನೆಯ ಕಾಗದ ಟ್ರಸ್ಟಿಗಳ ಹೆಸರಿಗೆ, "ಇಂಥ ಟ್ರಸ್ಟಿನ ಟ್ರಸ್ಟಿಗಳ ನೆಲೆಯಲ್ಲಿ" ಎಂಬ ಮಾತಿನೊಂದಿಗೆ ಆಗುತ್ತದೆ. ಹೆಸರು ಅವರದು, ಅನುಭವ ನಿಮ್ಮ ಮಗುವಿನದು. ಈ ಎರಡನ್ನೂ ಬೇರ್ಪಡಿಸುವುದರಲ್ಲೇ ಟ್ರಸ್ಟಿನ ಶಕ್ತಿ ಇದೆ, ಅಪಾಯವೂ ಅಲ್ಲೇ ಇದೆ.

"ರದ್ದುಪಡಿಸಲಾಗದ" ಎಂದು ಬರೆದರೆ ಮಾತ್ರ ಟ್ರಸ್ಟ್ ಹಾಗಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಕಾನೂನು ಇರುವುದು ಇದಕ್ಕೆ ತದ್ವಿರುದ್ಧವಾಗಿ. ಅಧಿನಿಯಮದ 78ನೇ ಕಲಂ ಪ್ರಕಾರ, ವಿಲ್ ಮೂಲಕ ಮಾಡಿದ ಟ್ರಸ್ಟನ್ನು ಬರೆದವರು ಬದುಕಿರುವ ತನಕ ಬದಲಿಸಬಹುದು. ಬದುಕಿದ್ದಾಗಲೇ ಡೀಡ್ ಬರೆದು ಮಾಡಿದ ಟ್ರಸ್ಟನ್ನು ರದ್ದು ಮಾಡಬೇಕಾದರೆ ಆ ಅಧಿಕಾರವನ್ನು ಡೀಡಿನಲ್ಲೇ ಸ್ಪಷ್ಟವಾಗಿ ಉಳಿಸಿಕೊಂಡಿರಬೇಕು, ಇಲ್ಲವೇ ಎಲ್ಲ ಫಲಾನುಭವಿಗಳೂ ಒಪ್ಪಬೇಕು, ಮತ್ತು ಆ ಎಲ್ಲರೂ ಕರಾರು ಮಾಡಿಕೊಳ್ಳಲು ಕಾನೂನಿನ ಪ್ರಕಾರ ಅರ್ಹರಾಗಿರಬೇಕು. ನ್ಯಾಸಕರ್ತರ ಸಾಲ ತೀರಿಸಲೆಂದೇ ಮಾಡಿದ ಟ್ರಸ್ಟಿಗೆ ಇನ್ನೊಂದು ವಿನಾಯಿತಿ ಇದೆ, ಅದು ನಮಗೆ ಇಲ್ಲಿ ಬೇಡ.

ಇದನ್ನು ನಿಮ್ಮ ಮನೆಗೆ ಅನ್ವಯಿಸಿ ನೋಡಿ. ತೀವ್ರ ಬೌದ್ಧಿಕ ವೈಕಲ್ಯ ಇರುವ ಮಗನೊಬ್ಬನೇ ಫಲಾನುಭವಿ. ಅವನು ಕರಾರಿಗೆ ಒಪ್ಪಿಗೆ ಕೊಡಲಾರ. ಹಾಗಾದರೆ ರದ್ದು ಮಾಡುವ ಅಧಿಕಾರ ಉಳಿಸಿಕೊಳ್ಳದೆ ಒಮ್ಮೆ ಸಹಿ ಹಾಕಿದ ಮೇಲೆ ನೀವಾಗಲಿ, ಟ್ರಸ್ಟಿಗಳಾಗಲಿ, ಎಲ್ಲರೂ ಕೂಡಿಯಾಗಲಿ ಅದನ್ನು ಬಿಚ್ಚಲಾಗದು. ನಿಮಗೆ ಬೇಕಾದ ರಕ್ಷಣೆ ಇದೇ. ತಪ್ಪು ಬರೆದರೆ ತಪ್ಪೂ ಅಷ್ಟೇ ಗಟ್ಟಿಯಾಗಿ ಉಳಿಯುತ್ತದೆ.

ಒಂದು ಮಾತು ಸೇರಿಸಬೇಕು. ವೈಕಲ್ಯ ಇದ್ದವರೆಲ್ಲ ಕರಾರಿಗೆ ಅನರ್ಹರಲ್ಲ. ಸೆರೆಬ್ರಲ್ ಪಾಲ್ಸಿಯಿಂದ ಗಾಲಿಕುರ್ಚಿಯಲ್ಲಿದ್ದರೂ ಬುದ್ಧಿ ಚುರುಕಾಗಿರುವ ಮಗಳಿದ್ದಾಳೆಂದರೆ, ಅವಳ ಬದುಕಿನ ಕಾಗದವನ್ನು ಅವಳನ್ನು ಕೇಳದೆ ಬರೆಯಬೇಡಿ.

ಹಂತ 1: ಈಗಲೇ ಬೇಕೇ, ವಿಲ್ ಸಾಕೇ?

ನೀವು ಈಗ ವಾಸವಿರುವ ಒಂದೇ ಮನೆಯನ್ನು ರದ್ದುಪಡಿಸಲಾಗದ ಟ್ರಸ್ಟಿಗೆ ಹಾಕಬೇಡಿ. ಇದು ನನ್ನ ಖಚಿತ ಅಭಿಪ್ರಾಯ. ಸಹಿ ಹಾಕಿದ ದಿನದಿಂದ ಆ ಮನೆ ನಿಮ್ಮದಲ್ಲ. ನಾಳೆ ಆಸ್ಪತ್ರೆ ಖರ್ಚಿಗೆ ಅದನ್ನು ಅಡವಿಡಲಾಗದು, ಮಾರಲಾಗದು. "ನಾನು ಬದುಕಿರುವ ತನಕ ಇಲ್ಲೇ ಇರುತ್ತೇನೆ" ಎಂದು ಡೀಡಿನಲ್ಲಿ ಬರೆದುಕೊಳ್ಳಲು ಹೋದರೆ, ಕೊಟ್ಟ ಆಸ್ತಿಯಿಂದ ನೀವೇ ಪ್ರಯೋಜನ ಪಡೆಯುತ್ತಿದ್ದೀರಿ ಎಂದು ತೆರಿಗೆ ಇಲಾಖೆ ಅದರ ಆದಾಯವನ್ನು ನಿಮ್ಮದೆಂದೇ ಎಣಿಸಲು ದಾರಿಯಾಗುತ್ತದೆ.

ಇಂಥವರಿಗೆ ನಾನು ಹೇಳುವುದು ಜೋಡಿ ದಾರಿ. ಈಗ ಒಂದು ಚಿಕ್ಕ ಟ್ರಸ್ಟ್ ಮಾಡಿ, ಅದಕ್ಕೆ ಸ್ವಲ್ಪ ಠೇವಣಿ ಹಾಕಿ, ಟ್ರಸ್ಟಿಗಳಿಗೆ ಕೆಲಸ ಅಭ್ಯಾಸ ಮಾಡಿಸಿ. ವಾಸದ ಮನೆ ನಿಮ್ಮ ನಂತರ ಅದೇ ಟ್ರಸ್ಟಿಗೆ ಸೇರಲಿ ಎಂದು ವಿಲ್ ಬರೆದಿಡಿ. ವಿಲ್‌ಗೆ ಇಬ್ಬರು ಸಾಕ್ಷಿಗಳು ಬೇಕೇ ಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಮುಸ್ಲಿಂ ಓದುಗರು ಗಮನಿಸಿ, ನಿಮ್ಮಲ್ಲಿ ವಾರಸುದಾರರ ಒಪ್ಪಿಗೆ ಇಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆಸ್ತಿಗೆ ವಿಲ್ ನಡೆಯದು.

ಬದುಕಿದ್ದಾಗಲೇ ಟ್ರಸ್ಟಿಗೆ ಹಾಕಲು ತಕ್ಕದ್ದು ಎರಡನೇ ಮನೆ, ಬಾಡಿಗೆ ಅಂಗಡಿ, ನೀವು ಮರಳಿ ಕೇಳಲಾರಿರಿ ಎಂಬ ಖಾತ್ರಿ ಇರುವ ಆಸ್ತಿ. ಖಾಲಿ ನಿವೇಶನ ಕೊಡುವವರು ಯೋಚಿಸಿ. ಅದು ವರಮಾನ ತರುವುದಿಲ್ಲ, ಕಂದಾಯ ಕೇಳುತ್ತದೆ, ಬೇಲಿ ಕೇಳುತ್ತದೆ, ಕಾವಲು ಕೇಳುತ್ತದೆ. ಮನೆ ಕೊಟ್ಟರೂ ಅದರೊಂದಿಗೆ ಒಂದಿಷ್ಟು ನಗದು ಕೊಡಲೇಬೇಕು. ಬಾಡಿಗೆದಾರ ಬಿಟ್ಟುಹೋದ ಮೂರು ತಿಂಗಳು, ಸಂಪು ಸೋರಿದ ಒಂದು ಮಳೆಗಾಲ, ಇಷ್ಟಕ್ಕೇ ಬರಿಗೈ ಟ್ರಸ್ಟ್ ಒದ್ದಾಡಿಹೋಗುತ್ತದೆ.

ಹಂತ 2: ಕೊಡಲು ಹೊರಟ ಆಸ್ತಿ ನಿಮ್ಮದೇ ಹೌದೇ?

ಪಿತ್ರಾರ್ಜಿತ ಆಸ್ತಿ, ಅಂದರೆ ಹಿರಿಯರಿಂದ ಬಂದು ಇನ್ನೂ ವಿಭಾಗವಾಗದ ಅವಿಭಕ್ತ ಕುಟುಂಬದ ಆಸ್ತಿ, ಒಬ್ಬರೇ ಎತ್ತಿ ಟ್ರಸ್ಟಿಗೆ ಕೊಡುವಂಥದ್ದಲ್ಲ. ಹಿಂದೂ ಉತ್ತರಾಧಿಕಾರ ಅಧಿನಿಯಮದ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಅದರಲ್ಲಿ ಹುಟ್ಟಿನಿಂದಲೇ ಹಕ್ಕಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಗಟ್ಟಿಮಾಡಿತು. ಮೊದಲು ನೋಂದಾಯಿತ ವಿಭಾಗ ಪತ್ರ ಮಾಡಿಸಿಕೊಳ್ಳಿ, ನಿಮ್ಮ ಪಾಲಿಗೆ ಬಂದದ್ದರ ಮಾತು ಆಮೇಲೆ. ಪಾಲಿಗೆ ಬಂದದ್ದರಲ್ಲೂ ನಿಮ್ಮ ಮಕ್ಕಳ ಹಕ್ಕು ಉಳಿದಿರಬಹುದು. ಸ್ವಯಾರ್ಜಿತವೆಂದು ನೀವು ನಂಬಿದ್ದ ಮನೆಯೂ ಅಜ್ಜನ ಜಮೀನು ಮಾರಿದ ಹಣದಲ್ಲಿ ಕೊಂಡದ್ದಾದರೆ ತಕರಾರಿಗೆ ಎಡೆಯಿದೆ. ಇಂಥ ಕಡೆಗಳಲ್ಲಿ ಉಳಿದ ಮಕ್ಕಳನ್ನು ಒಪ್ಪಿಗೆದಾರರಾಗಿ ಡೀಡಿಗೆ ಸಹಿ ಹಾಕಿಸುವುದು ಜಾಣತನ.

ನಂತರ ಕಾಗದ ಜೋಡಿಸಿ. ಮೂಲ ಕ್ರಯಪತ್ರ, ಹಿಂದಿನ ಪತ್ರಗಳ ಸರಣಿ, ಇಲ್ಲಿಯವರೆಗಿನ ಋಣಭಾರ ಪತ್ರ, ಖಾತೆ, ಕಂದಾಯ ಕಟ್ಟಿದ ರಸೀದಿ. ನಗರದಲ್ಲಾದರೆ ಇ-ಖಾತೆ, ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಾದರೆ ಇ-ಸ್ವತ್ತು. ಇವು ಕೈಗೆ ಬರುವ ಮೊದಲು ನೋಂದಣಿಗೆ ದಿನ ನೋಡಬೇಡಿ. ಮನೆ ಸಾಲ ಬಾಕಿ ಇದ್ದರೆ ಬ್ಯಾಂಕಿನ ಲಿಖಿತ ಒಪ್ಪಿಗೆ ಬೇಕು, ಸಾಲ ತೀರಿಸಿ ಕಾಗದ ಬಿಡಿಸಿಕೊಳ್ಳುವುದು ಇನ್ನೂ ವಾಸಿ. ಕೃಷಿ ಜಮೀನಿಗೆ ಭೂಸುಧಾರಣಾ ಕಾಯ್ದೆಯ ನಿಯಮಗಳಿವೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದೆ ಯಾವ ವರ್ಗಾವಣೆಯೂ ಊರ್ಜಿತವಲ್ಲ.

ಎಚ್ಚರಿಕೆ: ಸಾಲ ಕೊಟ್ಟವರು ಬಾಗಿಲಿಗೆ ಬಂದಾಗ ಆಸ್ತಿ ಬಚ್ಚಿಡಲು ಟ್ರಸ್ಟ್ ಮಾಡಿದರೆ ನಡೆಯದು. ಸ್ವತ್ತು ವರ್ಗಾವಣೆ ಅಧಿನಿಯಮದ 53ನೇ ಕಲಂ ಅಡಿ ಸಾಲ ಕೊಟ್ಟವರು ಅದನ್ನು ಕೋರ್ಟಿನಲ್ಲಿ ಬೀಳಿಸಬಹುದು.

ಹಂತ 3: ಟ್ರಸ್ಟಿಗಳು

ಜನ ಡೀಡಿನ ಭಾಷೆಗೆ ತಿಂಗಳುಗಟ್ಟಲೆ ತಲೆಕೆಡಿಸಿಕೊಳ್ಳುತ್ತಾರೆ, ಟ್ರಸ್ಟಿಗಳ ಹೆಸರನ್ನು ಕಾಫಿ ಕುಡಿಯುತ್ತಾ ಹೇಳಿಬಿಡುತ್ತಾರೆ. ಆಗಬೇಕಾದ್ದು ಇದರ ಉಲ್ಟಾ. ನೀವಿಲ್ಲದ ಕಾಲದಲ್ಲಿ ಡೀಡನ್ನು ಓದುವವರು, ಪಾಲಿಸುವವರು, ಮುರಿಯಬಲ್ಲವರು ಅವರೇ.

ಮೂವರನ್ನು ಇಡಿ. ಒಬ್ಬರೇ ಇದ್ದರೆ ಕೇಳುವವರಿಲ್ಲ, ಇಬ್ಬರಿದ್ದರೆ ಭಿನ್ನಾಭಿಪ್ರಾಯ ಬಂದ ದಿನ ಕೆಲಸ ನಿಲ್ಲುತ್ತದೆ. ಮೂವರಲ್ಲಿ ಒಬ್ಬರಾದರೂ ಮಗುವಿಗಿಂತ ವಯಸ್ಸಿನಲ್ಲಿ ಚಿಕ್ಕವರಿರಲಿ. ನಿಮ್ಮ ಸಮವಯಸ್ಕ ತಮ್ಮನೂ ಭಾವನೂ ನಿಮ್ಮ ಜೊತೆಗೇ ಮುಪ್ಪಾಗುತ್ತಾರೆ. ನೀವೂ ಮೊದಲ ಟ್ರಸ್ಟಿಗಳಲ್ಲಿ ಒಬ್ಬರಾಗಬಹುದು, ಕಾನೂನು ತಡೆಯುವುದಿಲ್ಲ. ಆದರೆ ನಿಮ್ಮ ಮಾತೇ ಕಡೆಯ ಮಾತು ಎಂಬಂತೆ ಬರೆದುಕೊಂಡರೆ ಆಸ್ತಿ ನಿಜವಾಗಿ ಕೈಬಿಟ್ಟಿಲ್ಲ ಎಂಬ ವಾದಕ್ಕೆ ನೀವೇ ಆಹಾರ ಕೊಟ್ಟಂತೆ.

ಎಲ್ಲರೂ ಎಡವುವ ಜಾಗ ಇಲ್ಲಿದೆ. "ಮಗನ ಕಾಲಾನಂತರ ಮನೆ ದೊಡ್ಡ ಮಗನಿಗೆ" ಎಂದು ಬರೆದು, ಆ ದೊಡ್ಡ ಮಗನೊಬ್ಬನನ್ನೇ ಟ್ರಸ್ಟಿ ಮಾಡುತ್ತಾರೆ. ತಮ್ಮನಿಗೆ ಖರ್ಚು ಮಾಡಿದ ಪ್ರತಿ ರೂಪಾಯಿಯೂ ಅಣ್ಣನ ಪಾಲಿನಿಂದ ಕಳೆದಂತೆ. ಅಣ್ಣ ದೇವರಂಥವನಿರಬಹುದು, ಆದರೂ ಅವನನ್ನು ಆ ಇಕ್ಕಟ್ಟಿನಲ್ಲಿ ಕೂರಿಸುವುದು ಅವನಿಗೂ ನ್ಯಾಯವಲ್ಲ. ಫಲಾನುಭವಿಯ ಹಿತಕ್ಕೆ ಎದುರಾದ ಹಿತ ಉಳ್ಳವರು ಟ್ರಸ್ಟಿಯಾಗಲು ತಕ್ಕವರಲ್ಲ ಎಂದು ನ್ಯಾಸ ಅಧಿನಿಯಮದ 60ನೇ ಕಲಂ ಹೇಳುತ್ತದೆ. ಅಣ್ಣ ಇರಲಿ, ಅವನ ಜೊತೆ ಆಸ್ತಿಯಲ್ಲಿ ಯಾವ ಪಾಲೂ ಇಲ್ಲದ ಇಬ್ಬರು ಇರಲಿ.

ಅದೇ ಕಲಂ ವಿದೇಶವನ್ನೇ ಕಾಯಂ ನೆಲೆ ಮಾಡಿಕೊಂಡವರನ್ನೂ ತಕ್ಕವರಲ್ಲದವರ ಪಟ್ಟಿಯಲ್ಲಿ ಇಟ್ಟಿದೆ. ಅಮೆರಿಕದಲ್ಲಿ ನೆಲೆನಿಂತ ಮಗಳನ್ನು ಟ್ರಸ್ಟಿ ಮಾಡಬೇಕೆನ್ನುವವರು ಇದನ್ನು ನೆನಪಿಡಿ. ಅಲ್ಲಿನ ತೆರಿಗೆದಾರರಾದವರು ಇಲ್ಲಿನ ಟ್ರಸ್ಟಿನಿಂದ ಹಣ ಪಡೆದರೆ, ಅಥವಾ ಇದಕ್ಕೆ ಆಸ್ತಿ ಕೊಟ್ಟರೆ, ಅಲ್ಲಿನ ಇಲಾಖೆಗೆ ವಿದೇಶಿ ಟ್ರಸ್ಟಿನ ವಿವರ 3520ನೇ ನಮೂನೆಯಲ್ಲಿ ಸಲ್ಲಿಸುವ ಹೊಣೆಯೂ ಬರುತ್ತದೆ. ಹಾಗೆಯೇ ಅಲ್ಲಿನ ಕನ್ನಡಿಗರು ಅಲ್ಲಿಯ ವಕೀಲರಿಂದ ಮಾಡಿಸಿದ ಲಿವಿಂಗ್ ಟ್ರಸ್ಟಿಗೆ (ಬದುಕಿದ್ದಾಗಲೇ ಮಾಡುವ ಟ್ರಸ್ಟ್) ಮೈಸೂರಿನ ಮನೆಯನ್ನೂ ಒಂದು ಸಾಲಿನಲ್ಲಿ ಸೇರಿಸಿದರೆ ಮನೆ ಸೇರುವುದಿಲ್ಲ. ಇಲ್ಲಿನ ಸ್ಥಿರಾಸ್ತಿಗೆ ಇಲ್ಲಿನ ಕಾನೂನು, ಇಲ್ಲಿನ ನೋಂದಣಿ.

ಹೆಸರು ಬರೆಯುವ ಮುನ್ನ ಮೂವರನ್ನೂ ಎದುರು ಕೂರಿಸಿಕೊಂಡು ಹೇಳಿ: ಒಮ್ಮೆ ಒಪ್ಪಿಕೊಂಡ ಟ್ರಸ್ಟಿ ಬೇಡವೆನಿಸಿದಾಗ ಎದ್ದುಹೋಗುವಂತಿಲ್ಲ. ಡೀಡಿನಲ್ಲಿ ಅವಕಾಶ ಇರಬೇಕು, ಇಲ್ಲವೇ ಅರ್ಹ ಫಲಾನುಭವಿ ಒಪ್ಪಬೇಕು, ಇಲ್ಲವೇ ಸಿವಿಲ್ ಕೋರ್ಟ್ ಅನುಮತಿಸಬೇಕು. ಡೀಡಿನಲ್ಲಿ ಬರೆಯದಿದ್ದರೆ ಅವರಿಗೆ ಸಂಭಾವನೆಯೂ ಇಲ್ಲ. ಇಷ್ಟು ಕೇಳಿದ ಮೇಲೂ "ಆಗಲಿ" ಎಂದವರೇ ನಿಮ್ಮ ಟ್ರಸ್ಟಿಗಳು.

ಹಂತ 4: ಡೀಡ್ ಬರೆಸುವುದು

ಟ್ರಸ್ಟ್ ನಿಲ್ಲಬೇಕಾದರೆ ಐದು ಸಂಗತಿಗಳು ಬರಹದಲ್ಲಿ ಸಂದೇಹವಿಲ್ಲದೆ ಕಾಣಬೇಕು. ಟ್ರಸ್ಟ್ ಮಾಡುವ ಉದ್ದೇಶ, ಟ್ರಸ್ಟ್ ಯಾತಕ್ಕಾಗಿ, ಫಲಾನುಭವಿ ಯಾರು, ಆಸ್ತಿ ಯಾವುದು, ಮತ್ತು ಅದನ್ನು ಟ್ರಸ್ಟಿಗಳಿಗೆ ವಹಿಸಿಕೊಟ್ಟದ್ದು. ಆಸ್ತಿಯ ವಿವರ ಷೆಡ್ಯೂಲಿನಲ್ಲಿ ಚಕ್ಕುಬಂದಿ ಸಮೇತ ಬರಲಿ, ಖಾತೆಯಲ್ಲಿರುವ ಅಳತೆಗೂ ಕ್ರಯಪತ್ರದ ಅಳತೆಗೂ ತಾಳೆಯಾಗಲಿ. "ನನ್ನ ಎಲ್ಲ ಆಸ್ತಿ" ಎಂಬ ಮಾತು ಬೇಡ.

ಸಿದ್ಧ ಮಾದರಿಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಕೆಲವು ಕಲಂಗಳನ್ನು ನಿಮ್ಮ ವಕೀಲರಿಂದ ಕೇಳಿ ಬರೆಸಿ.

ಮಾರುವ ಅಧಿಕಾರ. ಡೀಡಿನಲ್ಲಿ ಕೊಡದಿದ್ದರೆ ಟ್ರಸ್ಟಿಗಳಿಗೆ ಮಾರಲು ಅಧಿಕಾರವಿಲ್ಲ. 30 ವರ್ಷದ ನಂತರ ಮನೆ ಶಿಥಿಲವಾದಾಗ, ಅಥವಾ ಮಗನನ್ನು ಬೇರೆ ಊರಿನ ಆಶ್ರಯಧಾಮಕ್ಕೆ ಸೇರಿಸಬೇಕಾದಾಗ ಕೋರ್ಟಿಗೆ ಅಲೆಯಬೇಕು. ಇದನ್ನು ತಡೆಯಲು ಹೀಗೆ ಬರೆಸಬಹುದು:

"ಫಲಾನುಭವಿಯ ಹಿತಕ್ಕೆ ಅಗತ್ಯವೆಂದು ಎಲ್ಲ ಟ್ರಸ್ಟಿಗಳೂ ಒಮ್ಮತದಿಂದ ಲಿಖಿತವಾಗಿ ತೀರ್ಮಾನಿಸಿದಲ್ಲಿ, ಷೆಡ್ಯೂಲು ಸ್ವತ್ತನ್ನು ಚಾಲ್ತಿ ಮಾರುಕಟ್ಟೆ ಬೆಲೆಗೆ ಕಡಿಮೆಯಾಗದಂತೆ ಮಾರಲು ಅವರಿಗೆ ಅಧಿಕಾರವಿರುತ್ತದೆ. ಬಂದ ಹಣವು ಟ್ರಸ್ಟಿನ ಬ್ಯಾಂಕ್ ಖಾತೆಗೇ ಜಮೆಯಾಗತಕ್ಕದ್ದು. ಯಾವ ಟ್ರಸ್ಟಿಯೂ, ಟ್ರಸ್ಟಿಯ ಕುಟುಂಬದವರೂ ಈ ಸ್ವತ್ತನ್ನು ಕೊಳ್ಳತಕ್ಕದ್ದಲ್ಲ."

ಕಡೆಯ ವಾಕ್ಯವನ್ನು ಯಾರು ಎಷ್ಟೇ ಹೇಳಿದರೂ ತೆಗೆಸಬೇಡಿ. ಬಾಡಿಗೆ, ಭೋಗ್ಯಕ್ಕೆ ಕೊಡುವುದಕ್ಕೂ ಮಿತಿ ಹಾಕಿ. ಕೋರ್ಟಿನ ಅನುಮತಿ ಇಲ್ಲದೆ 21 ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆಗೆ ಕೊಡುವಂತಿಲ್ಲವೆಂದು ಕಾನೂನೇ ಹೇಳುತ್ತದೆ, ನೀವು ಇನ್ನೂ ಬಿಗಿ ಮಾಡಬಹುದು.

ತೀರ್ಮಾನದ ಬಗೆ. ಡೀಡ್ ಬೇರೆ ಹೇಳದಿದ್ದರೆ ಎಲ್ಲ ಟ್ರಸ್ಟಿಗಳೂ ಕೂಡಿಯೇ ನಡೆಯಬೇಕು. ವಿದ್ಯುತ್ ಬಿಲ್ಲಿಗೂ ಮೂರು ಸಹಿ ಎಂದಾದರೆ ಕೆಲಸ ಸಾಗದು. ದಿನದ ಖರ್ಚಿಗೆ ಇಬ್ಬರ ಸಹಿ ಸಾಕು, ಮಾರಾಟಕ್ಕೆ ಎಲ್ಲರ ಸಹಿ ಬೇಕು ಎಂದು ಬಿಡಿಸಿ ಬರೆಯಿರಿ.

ಟ್ರಸ್ಟಿ ಬದಲಾವಣೆ. ಸತ್ತರೆ, ಹಾಸಿಗೆ ಹಿಡಿದರೆ, ಊರು ಬಿಟ್ಟರೆ ಮುಂದಿನವರನ್ನು ನೇಮಿಸುವವರು ಯಾರು? ಒಂದೆರಡು ಹೆಸರು ಈಗಲೇ ಸೂಚಿಸಿ. ಲೆಕ್ಕ ಕೇಳುವ, ತಪ್ಪಿದವರನ್ನು ತೆಗೆಯುವ ಅಧಿಕಾರವನ್ನು ಟ್ರಸ್ಟಿಯಲ್ಲದ ಒಬ್ಬರಿಗೆ ಕೊಡುವುದೂ ಉಂಟು. ಅವರನ್ನು ಡೀಡಿನಲ್ಲಿ ಮೇಲ್ವಿಚಾರಕರು ಎಂದು ಕರೆಯಬಹುದು.

ಮಗುವಿನ ಕಾಲಾನಂತರ. ಈ ಕಲಂ ಇಲ್ಲದೆ ಉಳಿದ ಆಸ್ತಿ ನ್ಯಾಸಕರ್ತರಿಗೆ ಅಥವಾ ಅವರ ವಾರಸುದಾರರಿಗೆ ಹಿಂತಿರುಗುತ್ತದೆ, ಜಗಳ ಅಲ್ಲಿಂದ ಶುರು. ಹಾಗೆಂದು "ನನಗೇ ಹಿಂತಿರುಗಲಿ" ಎಂದೂ ಬರೆಯಬೇಡಿ. ಆಸ್ತಿಯನ್ನಾಗಲಿ ಅದರ ಆದಾಯವನ್ನಾಗಲಿ ಕೊಟ್ಟವರಿಗೇ ಹಿಂದಿರುಗಿಸುವ ಯಾವ ಮಾತಿದ್ದರೂ ಆದಾಯ ತೆರಿಗೆ ಕಾನೂನು ಆ ವರ್ಗಾವಣೆಯನ್ನು ರದ್ದುಪಡಿಸಬಹುದಾದದ್ದು ಎಂದೇ ಎಣಿಸುತ್ತದೆ. ಡೀಡಿನ ಹಣೆಯ ಮೇಲೆ ರದ್ದುಪಡಿಸಲಾಗದು ಎಂದು ಬರೆದಿದ್ದರೂ ಅಷ್ಟೆ. ಬಾಡಿಗೆಯ ತೆರಿಗೆ ನಿಮ್ಮ ತಲೆಗೇ ಬರುತ್ತದೆ.

ಇನ್ನೂ ಹುಟ್ಟದ ಮೊಮ್ಮಕ್ಕಳಿಗೆ, ಅವರ ಮಕ್ಕಳಿಗೆ ಎಂದು ತಲೆಮಾರುಗಟ್ಟಲೆ ಕಟ್ಟಿಡುವ ಆಸೆಗೂ ಮಿತಿಯಿದೆ. ಈಗ ಬದುಕಿರುವವರ ಆಯಸ್ಸು, ಅದರ ಮೇಲೆ ಮುಂದಿನ ಒಬ್ಬರು 18 ವರ್ಷ ತುಂಬುವಷ್ಟು ಕಾಲ, ಅದರಾಚೆಗೆ ಆಸ್ತಿಯನ್ನು ಯಾರಿಗೂ ಪೂರ್ತಿ ಸೇರದಂತೆ ಹಿಡಿದಿಡಲಾಗದು.

ಹಂತ 5: ತೆರಿಗೆಯ ಲೆಕ್ಕ

2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಅಧಿನಿಯಮ ಬಂದಿರುವುದರಿಂದ ಹಳೆಯ ಕಲಂ ಸಂಖ್ಯೆಗಳನ್ನು ಇಲ್ಲಿ ಕೊಡುತ್ತಿಲ್ಲ. ತಿಳಿಯಬೇಕಾದ ಭೇದ ಒಂದೇ. ಯಾರಿಗೆ ಎಷ್ಟು ಪಾಲು ಎಂದು ಡೀಡಿನಲ್ಲೇ ನಿಗದಿಯಾದದ್ದು ನಿರ್ದಿಷ್ಟ ಟ್ರಸ್ಟ್. ಹಲವರ ಹೆಸರು ಬರೆದು, ಯಾರಿಗೆ ಎಷ್ಟೆಂಬುದನ್ನು ಟ್ರಸ್ಟಿಗಳ ಇಷ್ಟಕ್ಕೆ ಬಿಟ್ಟದ್ದು ವಿವೇಚನಾ ಟ್ರಸ್ಟ್.

ತಿಂಗಳಿಗೆ 25,000 ರೂಪಾಯಿ ಬಾಡಿಗೆಯ ಮನೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 3,00,000. ಮನೆ ಕಂದಾಯ 10,000 ಕಳೆದರೆ 2,90,000. ಅದರಲ್ಲಿ ಶೇ. 30, ಅಂದರೆ 87,000 ಕಡಿತ ಸಿಗುತ್ತದೆ. ಉಳಿದದ್ದು 2,03,000. ಬೇರೆ ಆದಾಯವಿಲ್ಲದ ವಯಸ್ಕ ಮಗನೊಬ್ಬನೇ ಫಲಾನುಭವಿಯಾದ ನಿರ್ದಿಷ್ಟ ಟ್ರಸ್ಟಿನಲ್ಲಿ ಅವನ ದರದಲ್ಲೇ ಲೆಕ್ಕ, ಹಾಗಾಗಿ ತೆರಿಗೆ ಸೊನ್ನೆ. ಅದೇ ಡೀಡಿನಲ್ಲಿ ಸಂಬಳದಾರ ಅಣ್ಣನನ್ನೂ ಸೇರಿಸಿ "ಇಬ್ಬರಲ್ಲಿ ಯಾರಿಗೆ ಎಷ್ಟೆಂದು ಟ್ರಸ್ಟಿಗಳು ನೋಡಿಕೊಳ್ಳಲಿ" ಎಂದು ಬರೆದರೆ ಅತ್ಯಧಿಕ ದರ ಬೀಳುತ್ತದೆ. ಸರ್ಚಾರ್ಜಿನ ಮಾತು ಬಿಟ್ಟರೂ ಶೇ. 30, ಅದರ ಮೇಲೆ ಶೇ. 4 ಸೆಸ್ ಸೇರಿ 63,336 ರೂಪಾಯಿ. ಒಂದು ವಾಕ್ಯದ ಬೆಲೆ ಮಗನ ಎರಡೂವರೆ ತಿಂಗಳ ಬಾಡಿಗೆ.

ಅಪ್ರಾಪ್ತ ಮಕ್ಕಳ ಹೆಸರಿನ ಆದಾಯ ಸಾಮಾನ್ಯವಾಗಿ ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರುತ್ತದೆ. ಕಾನೂನು ಗುರುತಿಸಿದ ವೈಕಲ್ಯವಿರುವ ಮಗುವಿಗೆ ಇದರಿಂದ ವಿನಾಯಿತಿ ಇದೆ, ಪ್ರಮಾಣಪತ್ರ ಇಟ್ಟುಕೊಳ್ಳಿ. ಹೆಂಡತಿಗಾಗಿ ಗಂಡ, ಗಂಡನಿಗಾಗಿ ಹೆಂಡತಿ ಮಾಡಿದ ಟ್ರಸ್ಟಿಗೆ ಈ ಅನುಕೂಲವಿಲ್ಲ, ಆ ಆದಾಯ ಕೊಟ್ಟವರ ಲೆಕ್ಕಕ್ಕೇ ಬರುತ್ತದೆ.

ರದ್ದುಪಡಿಸಲಾಗದ ಟ್ರಸ್ಟಿಗೆ ಮನೆ ಕೊಟ್ಟಾಗ ನಿಮಗೆ ಬಂಡವಾಳ ಲಾಭದ ತೆರಿಗೆ ಬೀಳುವುದಿಲ್ಲ. ಮುಂದೆ ಟ್ರಸ್ಟಿಗಳು ಮಾರಿದರೆ ನೀವು ಕೊಂಡ ಬೆಲೆಯೇ ಅವರಿಗೂ ಕೊಂಡ ಬೆಲೆ, ಆದ್ದರಿಂದ ಹಳೆಯ ಕ್ರಯಪತ್ರ, ಕಟ್ಟಿಸಿದ ಖರ್ಚಿನ ರಸೀದಿಗಳನ್ನು ಎಸೆಯಬೇಡಿ. ಟ್ರಸ್ಟಿಗೆ ಬಂದ ಆಸ್ತಿಯ ಮೇಲೂ ತೆರಿಗೆ ಬೀಳಬಾರದೆಂದರೆ ಅದು ಕೇವಲ ನಿಮ್ಮ ಸಂಬಂಧಿಕರ ಹಿತಕ್ಕಾಗಿ ಮಾಡಿದ್ದಾಗಿರಬೇಕು. ಆ ಪಟ್ಟಿಯಲ್ಲಿ ಮಕ್ಕಳು, ಮೊಮ್ಮಕ್ಕಳು, ಒಡಹುಟ್ಟಿದವರು ಇದ್ದಾರೆ. ಅಣ್ಣನ ಮಗ ನಮ್ಮ ಮನೆಗಳಲ್ಲಿ ಮಗನೇ, ಆದರೆ ಆ ಪಟ್ಟಿಯಲ್ಲಿ ಅವನಿಲ್ಲ. ಅವನನ್ನಾಗಲಿ, ಒಂದು ಆಶ್ರಮವನ್ನಾಗಲಿ ಮುಂದಿನ ಹಕ್ಕುದಾರರಾಗಿ ಬರೆಯುವ ಮುನ್ನ ಲೆಕ್ಕಪರಿಶೋಧಕರಿಗೆ ಕರಡು ತೋರಿಸಿ. ವಕೀಲರೊಬ್ಬರೇ ಓದಿದರೆ ಸಾಲದು.

ಹಂತ 6: ಶುಲ್ಕ ಮತ್ತು ನೋಂದಣಿ

ಸ್ಥಿರಾಸ್ತಿಯ ಟ್ರಸ್ಟ್ ಬಾಯಿಮಾತಿನಲ್ಲಿ ಆಗದು. ಬರಹ, ಸಹಿ, ನೋಂದಣಿ ಮೂರೂ ಬೇಕೆಂದು ನ್ಯಾಸ ಅಧಿನಿಯಮದ 5ನೇ ಕಲಂ ಹೇಳುತ್ತದೆ. ನೋಟರಿ ಮಾಡಿಸಿ ಬೀರುವಿನಲ್ಲಿಟ್ಟ ಡೀಡ್ ಮನೆಯ ಮಟ್ಟಿಗೆ ಬರೀ ಕಾಗದ.

ಮನೆಯವರ ನಡುವಿನ ದಾನಪತ್ರಕ್ಕೆ ಇರುವ ರಿಯಾಯಿತಿ ಮುದ್ರಾಂಕ ಶುಲ್ಕವೇ ಇದಕ್ಕೂ ಎಂದು ಲೆಕ್ಕ ಹಾಕಿ ಕೂರಬೇಡಿ. ದಾನಪತ್ರ ಪಡೆಯುವವರು ಮಗ, ಇಲ್ಲಿ ಪಡೆಯುವವರು ಟ್ರಸ್ಟಿಗಳು. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆಯ ಮೇಲೆ ಶುಲ್ಕ ನಿಂತರೆ ಮೊತ್ತ ಲಕ್ಷಗಳಿಗೆ ಹೋಗುತ್ತದೆ. ಕರಡನ್ನು ಮೊದಲು ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಏರಿಸಿ. ಉಪನೋಂದಣಾಧಿಕಾರಿ ಪರಿಶೀಲಿಸಿ ಶುಲ್ಕ ತಿಳಿಸುತ್ತಾರೆ, ಕಟ್ಟಿದ ಮೇಲೆ ದಿನ, ವೇಳೆ ಗೊತ್ತು ಮಾಡಿಕೊಂಡು ಹೋಗಬೇಕು. ಶುಲ್ಕದ ಬಗ್ಗೆ ತಕರಾರಿದ್ದರೆ ಸಹಿಗೆ ಮೊದಲೇ ಇಲಾಖೆಯಿಂದ ನಿರ್ಣಯ ಪಡೆಯಲು ಅವಕಾಶವಿದೆ. ಆ ದಿನ ನೀವು, ಟ್ರಸ್ಟಿಗಳು, ಇಬ್ಬರು ಸಾಕ್ಷಿಗಳು ಗುರುತಿನ ಚೀಟಿಯೊಂದಿಗೆ ಹಾಜರಿರಿ. ಮೊದಲೇ ಸಹಿ ಹಾಕಿಟ್ಟ ಡೀಡಾದರೆ 4 ತಿಂಗಳೊಳಗೆ ನೋಂದಣಿಗೆ ಒಯ್ಯಬೇಕು.

ಹಂತ 7: ಮನೆಗೆ ಬಂದ ಮೇಲೆ

ಡೀಡ್ ನೋಂದಣಿಯಾಯಿತು, ಸಿಹಿ ಹಂಚಿದ್ದಾಯಿತು, ಅಲ್ಲಿಗೆ ಬಿಟ್ಟವರು ಬಹಳ. ನಾನು ಹತ್ತಿರದಿಂದ ಕಂಡ ಒಂದು ಕುಟುಂಬದಲ್ಲಿ ಡೀಡ್ ಆಗಿ ಆರು ವರ್ಷವಾದರೂ ಮನೆಯ ಖಾತೆ ತಂದೆಯ ಹೆಸರಿನಲ್ಲೇ ಇತ್ತು, ಬಾಡಿಗೆ ತಂದೆಯ ಉಳಿತಾಯ ಖಾತೆಗೇ ಬರುತ್ತಿತ್ತು. ಅವರು ತೀರಿಕೊಂಡಾಗ ಆ ಹಣ ಯಾರದೆಂದು ಬಿಡಿಸುವುದರಲ್ಲೇ ಒಂದು ವರ್ಷ ಹೋಯಿತು.

ಮೊದಲ ತಿಂಗಳಲ್ಲೇ ಟ್ರಸ್ಟಿನ ಹೆಸರಿಗೆ ಪ್ಯಾನ್ ಮಾಡಿಸಿ, ಅದರ ಮೇಲೆ ಬ್ಯಾಂಕ್ ಖಾತೆ ತೆರೆಯಿರಿ. ಮನೆಯ ಖಾತೆ ಬದಲಾವಣೆಗೆ ಅರ್ಜಿ ಕೊಡಿ. ಬಾಡಿಗೆದಾರರೊಂದಿಗೆ ಟ್ರಸ್ಟಿಗಳ ಹೆಸರಿನಲ್ಲಿ ಹೊಸ ಕರಾರು ಮಾಡಿ, ಮುಂಗಡವನ್ನೂ ಟ್ರಸ್ಟಿನ ಖಾತೆಗೆ ವರ್ಗಾಯಿಸಿ. ವಿದ್ಯುತ್, ನೀರಿನ ಸಂಪರ್ಕ, ಕಟ್ಟಡದ ವಿಮೆ, ಅಪಾರ್ಟ್‌ಮೆಂಟಾದರೆ ಸಂಘದ ದಾಖಲೆ, ಎಲ್ಲದರಲ್ಲೂ ಹೆಸರು ಬದಲಾಗಲಿ.

ಒಂದು ನಡಾವಳಿ ಪುಸ್ತಕ, ಒಂದು ಲೆಕ್ಕದ ಪುಸ್ತಕ ಇಡಿ. ತನ್ನ ಸ್ವಂತ ಸ್ವತ್ತನ್ನು ವಿವೇಕಿಯೊಬ್ಬ ಹೇಗೆ ನೋಡಿಕೊಳ್ಳುತ್ತಾನೋ ಹಾಗೆ ಟ್ರಸ್ಟಿ ನೋಡಿಕೊಳ್ಳಬೇಕೆಂದು 15ನೇ ಕಲಂ ಹೇಳುತ್ತದೆ. ನೋಡಿಕೊಂಡದ್ದಕ್ಕೆ ಸಾಕ್ಷಿ ಈ ಪುಸ್ತಕಗಳೇ. ಟ್ರಸ್ಟಿನ ಹಣವನ್ನು ಟ್ರಸ್ಟಿ ಒಂದು ವಾರದ ಕೈಸಾಲಕ್ಕೂ ಬಳಸುವಂತಿಲ್ಲ. ತೆರಿಗೆ ವಿವರವನ್ನು ಪ್ರತಿವರ್ಷ ಸಲ್ಲಿಸುವ ಹೊಣೆಯನ್ನು ಮೂವರಲ್ಲಿ ಒಬ್ಬರ ಹೆಸರಿಗೆ ನಡಾವಳಿಯಲ್ಲೇ ಬರೆದುಬಿಡಿ.

ಹಂತ 8: ಮನೆಗೆ ಟ್ರಸ್ಟಿ, ಮಗನಿಗೆ ಪೋಷಕರು

ಟ್ರಸ್ಟಿ ನೋಡಿಕೊಳ್ಳುವುದು ಆಸ್ತಿಯನ್ನು. ಮಗನಿಗೆ ಆಸ್ಪತ್ರೆಯಲ್ಲಿ ಸಹಿ ಹಾಕುವವರು, ಎಲ್ಲಿ ವಾಸ ಎಂದು ನಿರ್ಧರಿಸುವವರು ಬೇರೆ ಬೇಕು. 18 ತುಂಬಿದ ಮೇಲೆ ತಂದೆತಾಯಿಯೂ ತಾವಾಗಿಯೇ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಅಧಿನಿಯಮದ ಅಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪೋಷಕರ ನೇಮಕ ಪಡೆಯಬೇಕು. ವಿಚಾರಿಸಬೇಕಾದ್ದು ಜಿಲ್ಲಾಧಿಕಾರಿ ಕಚೇರಿಯಲ್ಲಿ. ನೇಮಕವಾದವರು 6 ತಿಂಗಳೊಳಗೆ ಮಗುವಿನ ಆಸ್ತಿಯ ಪಟ್ಟಿ ಕೊಡಬೇಕು, ಆಮೇಲೆ ಪ್ರತಿ ಆರ್ಥಿಕ ವರ್ಷ ಮುಗಿದ 3 ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಪೋಷಕರೂ ಟ್ರಸ್ಟಿಯೂ ಒಬ್ಬರೇ ಆಗದಿರಲಿ. ಒಬ್ಬರು ಹಣ ಕೇಳುವವರು, ಇನ್ನೊಬ್ಬರು ಕೊಡುವವರು ಎಂದಿದ್ದರೆ ಇಬ್ಬರ ಲೆಕ್ಕವೂ ನೆಟ್ಟಗಿರುತ್ತದೆ.

ಡೀಡಿನ ಜೊತೆ ಇನ್ನೊಂದು ಬರಹ ಇಡಿ. ಇದಕ್ಕೆ ಛಾಪಾ ಕಾಗದ ಬೇಡ, ಕೋರ್ಟಿನಲ್ಲಿ ಬೆಲೆಯೂ ಇಲ್ಲ. ನಿಮ್ಮ ಕೈಬರಹದಲ್ಲಿ ಟ್ರಸ್ಟಿಗಳಿಗೊಂದು ಪತ್ರ. ಮಾತ್ರೆಯನ್ನು ಪುಡಿಮಾಡಿ ಮೊಸರನ್ನದಲ್ಲಿ ಕಲಸಿ ಕೊಟ್ಟರೆ ಮಾತ್ರ ನುಂಗುತ್ತಾನೆ. ಗುಡುಗಿಗೆ ಹೆದರುತ್ತಾನೆ, ಆಗ ರೇಡಿಯೋ ಹಾಕಿ. ತಲೆಕೂದಲು ಕತ್ತರಿಸಲು ಅಂಗಡಿಗೆ ಒಯ್ಯಬೇಡಿ, ಮನೆಗೇ ಕರೆಸಿ. ಅವನ ವೈದ್ಯರ ಹೆಸರು, ರಕ್ತದ ಗುಂಪು, ವಿಶೇಷಚೇತನರ ಗುರುತಿನ ಚೀಟಿಯ (ಯುಡಿಐಡಿ) ಸಂಖ್ಯೆ, ನಿರಾಮಯ ಆರೋಗ್ಯ ವಿಮೆಯ ವಿವರ. ಯಾವ ಖರ್ಚಿಗೆ ಕೈ ಬಿಗಿ ಮಾಡಬಾರದು, ಯಾವುದಕ್ಕೆ ಮಾಡಬಹುದು. ದಿನಾಂಕ ಹಾಕಿ ಸಹಿ ಮಾಡಿ, ಪ್ರತಿವರ್ಷ ಅವನ ಹುಟ್ಟುಹಬ್ಬದಂದು ತಿದ್ದಿ ಬರೆದು, ಮೂವರು ಟ್ರಸ್ಟಿಗಳಿಗೂ ಪೋಷಕರಿಗೂ ಒಂದೊಂದು ಪ್ರತಿ ಕೊಡಿ.